ಕಾಡುಪ್ರಾಣಿಗಳ ರೋಗಕ್ಕೆ ಇದ್ದ ತಡೆಗಳು ಒಂದೊಂದೇ ಹೋಗುತ್ತಿವೆ: ನಮ್ಮ ಬಯಲುಸೀಮೆಯಲ್ಲಿ ನೀವು ಏನು ನೋಡುತ್ತಿದ್ದೀರಿ?

ಬಯಲುಹುಲ್ಲು, ಮಧುಗಿರಿ

ಎಲ್ಲರಿಗೂ ನಮಸ್ಕಾರ. ಬರಹ ಸ್ವಲ್ಪ ಉದ್ದ ಇದೆ, ಪುರುಸೊತ್ತು ಮಾಡಿಕೊಂಡು ಓದಿ.

ಉತ್ತರ ಧ್ರುವದ ಸಮುದ್ರದ ಮೇಲೆ ದಪ್ಪ ಮಂಜುಗಡ್ಡೆ ಇರುತ್ತಲ್ಲ, ಅದು ಅಟ್ಲಾಂಟಿಕ್ ಸಾಗರದ ಸೀಲ್ ಅನ್ನೋ ಕಡಲ ಪ್ರಾಣಿಗಳನ್ನೂ ಪೆಸಿಫಿಕ್ ಸಾಗರದ ಸೀಲ್‌ಗಳನ್ನೂ ಬೇರೆ ಬೇರೆ ಇಟ್ಟಿತ್ತು. ಅಟ್ಲಾಂಟಿಕ್ ಕಡೆ ಸೀಲ್‌ಗಳಿಗೆ ಡಿಸ್ಟೆಂಪರ್ ಅನ್ನೋ ವೈರಸ್ ರೋಗ ಬರುತ್ತೆ. ನಾಯಿಗಳಿಗೆ ಬರುವ ಡಿಸ್ಟೆಂಪರ್‌ಗೆ ಅದು ದಾಯಾದಿ. 1988ರಲ್ಲಿ ಉತ್ತರ ಯುರೋಪಿನ ಕರಾವಳಿಯಲ್ಲಿ ಸುಮಾರು 18,000 ಸೀಲ್ ಸತ್ತವು. 2002ರಲ್ಲಿ ಮತ್ತೆ ಬಂದು ಇನ್ನೂ ಜಾಸ್ತಿ ಸತ್ತವು. 2004ರಲ್ಲಿ ನೋಡಿದರೆ ಅದೇ ವೈರಸ್ ಪೆಸಿಫಿಕ್ ಕಡೆಯ ಅಲಾಸ್ಕಾದಲ್ಲಿ, ಸಮುದ್ರದ ನೀರುನಾಯಿಗಳಲ್ಲಿ! ಅಲ್ಲಿಗೆ ಹೇಗೆ ಹೋಯಿತು? ವಿಜ್ಞಾನಿಗಳು 2001ರಿಂದ 2016ರವರೆಗೆ ತೆಗೆದಿದ್ದ ಮಾದರಿಗಳನ್ನೂ ಉಪಗ್ರಹ ತೆಗೆದ ಮಂಜಿನ ಚಿತ್ರಗಳನ್ನೂ ಒಟ್ಟಿಗೆ ಇಟ್ಟು ನೋಡಿದರು. ಮಂಜು ಕರಗಿ ನೀರಿನ ದಾರಿ ತೆರೆದ ವರ್ಷಗಳ ಬೆನ್ನಿಗೇ ಸೋಂಕು ಏರಿತ್ತು. 2003ರಲ್ಲಿ ಒಮ್ಮೆ, 2009ರಲ್ಲಿ ಮತ್ತೊಮ್ಮೆ. ಈ ಅಧ್ಯಯನ 2019ರಲ್ಲಿ ಹೊರಬಂತು.

ನಮ್ಮಲ್ಲಿ ಹಿಮವೂ ಇಲ್ಲ, ಸಮುದ್ರವೂ ಇಲ್ಲ. ಆದರೆ ನಮ್ಮ ಬಯಲಿಗೂ ಅದರದೇ ತಡೆಗಳು ಇದ್ದವು. ಒಣಹವೆ ಒಂದು. ಸೊಳ್ಳೆ, ನೊರಜು, ಉಣ್ಣಿ ಇವಕ್ಕೆಲ್ಲ ತೇವ ಬೇಕು. ದೂರ ಇನ್ನೊಂದು. ಕಾವಲುಗಳು, ಅಂದರೆ ಮೇವಿನ ಹುಲ್ಲುಗಾವಲುಗಳು, ದೊಡ್ಡದಾಗಿದ್ದಾಗ ಕುರಿ ಒಂದು ಕಡೆ ಮೇಯುತ್ತಿತ್ತು, ಕೃಷ್ಣಮೃಗ ಇನ್ನೊಂದು ಕಡೆ. ಈಗ ಮೈದನಹಳ್ಳಿಯ ಕೃಷ್ಣಮೃಗ ಮೀಸಲು ಉಳಿದಿರುವುದು ಸುಮಾರು 800 ಎಕರೆ. ಸುತ್ತ ಹೊಲ, ತೋಟ, ರಸ್ತೆ. ಬೇಸಿಗೆಯಲ್ಲಿ ಆ ಸುತ್ತಿನ ಯಾವುದಾದರೂ ನೀರಿನ ತೊಟ್ಟಿ ಹತ್ತಿರ ಹೋಗಿ ನೆಲ ನೋಡಿ. ಕುರಿಯ ಗೊರಸಿನ ಗುರುತು, ಅದರ ಮೇಲೆ ಕೃಷ್ಣಮೃಗದ ಚೂಪು ಗೊರಸು, ಅದರ ಮೇಲೆ ನಾಯಿ ಹೆಜ್ಜೆ. ತೊಟ್ಟಿಯ ಅಂಚಿನಲ್ಲಿ ಕುರಿ ಮೂಗು ಉಜ್ಜಿದ ಸಿಂಬಳ ಒಣಗಿ ಅಂಟಿಕೊಂಡಿರುತ್ತೆ. ಕುರಿ, ಮೇಕೆಗಳಿಗೆ ಬರುವ ಪಿಪಿಆರ್ ಅನ್ನೋ ವೈರಸ್ ರೋಗ ಬಂದ ಕುರಿ ಆಗಿದ್ದರೆ ಆ ಸಿಂಬಳದಲ್ಲೇ ವೈರಸ್ ಇರುತ್ತೆ, ಅಲ್ವಾ?

ರೋಗ ಕಾಡಿಂದ ನಮಗೆ ಬರುತ್ತೆ ಅಂತ ಮಾತ್ರ ನಾವು ಹೆದರುತ್ತೇವೆ. ನಮ್ಮಿಂದ ಕಾಡಿಗೆ ಹೋಗುವುದರ ಬಗ್ಗೆ ಯಾರಿಗೂ ಯೋಚನೆ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ನಿಮ್ಮೂರಲ್ಲಿ ಕಂಡದ್ದನ್ನು ಬರೆಯಿರಿ.

ನಿವೃತ್ತ ಪಶುವೈದ್ಯ, ತುಮಕೂರು

ಒಳ್ಳೆಯ ವಿಷಯ ಎತ್ತಿದ್ದೀರಿ. ಪಿಪಿಆರ್ ಬಗ್ಗೆ ಹೇಳಿದಿರಿ, ಅದಕ್ಕೆ ಮಂಗೋಲಿಯಾದ ಉದಾಹರಣೆ ಇದೆ. ಅಲ್ಲಿ 2016ರಲ್ಲಿ ಮೊದಲು ಕುರಿ, ಮೇಕೆಗಳಿಗೆ ಬಂತು. ಕೆಲವೇ ತಿಂಗಳಲ್ಲಿ ಸೈಗಾ ಅನ್ನೋ ಹುಲ್ಲುಗಾವಲಿನ ಜಿಂಕೆಗೆ ಹೋಯಿತು. ಮೊದಲೇ ಕಡಿಮೆ ಇದ್ದ ಪ್ರಾಣಿ, ಸಾವಿರಾರು ಸತ್ತವು.

ಅದಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಕಜಕಸ್ತಾನದ್ದು. 2015ರ ಮೇ ತಿಂಗಳು. ಮರಿ ಹಾಕಲು ಒಟ್ಟಾಗಿ ಸೇರಿದ್ದ ಸೈಗಾಗಳಲ್ಲಿ ಮೂರು ವಾರದ ಒಳಗೆ ಎರಡು ಲಕ್ಷಕ್ಕಿಂತ ಜಾಸ್ತಿ ಸತ್ತವು. ಪ್ರಪಂಚದಲ್ಲಿದ್ದ ಸೈಗಾಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಕಾರಣ ಪಾಶ್ಚುರೆಲ್ಲಾ ಬ್ಯಾಕ್ಟೀರಿಯಾ. ನಮ್ಮ ದನ, ಎಮ್ಮೆಗಳಿಗೆ ಬರುವ ಗಳಲೆ ರೋಗ ಇದೆಯಲ್ಲ, ಗಂಟಲುಬೇನೆ ಅಂತೀವಿ, ಅದೇ ಜಾತಿಯದು. ಆದರೆ ಅದು ಹೊರಗಿಂದ ಬಂದದ್ದಲ್ಲ! ಆ ಪ್ರಾಣಿಗಳ ಗಂಟಲಲ್ಲೇ ಸುಮ್ಮನೆ ಇದ್ದದ್ದು. ಆ ವರ್ಷ ಆ ಹೊತ್ತಿಗೆ ಸೆಕೆ ಮತ್ತು ತೇವ ಎರಡೂ ಎಂದಿಗಿಂತ ಜಾಸ್ತಿ ಇತ್ತು. ಹಿಂದಿನ ಇಂಥ ಸಾವುಗಳ ದಾಖಲೆ ತೆಗೆದು ನೋಡಿದಾಗಲೂ ಹವೆ ಹಾಗೇ ಇತ್ತು. ಅಂದರೆ ಹವೆಯೇ ತಡೆ ಆಗಿತ್ತು, ಆ ತಡೆ ಎದ್ದುಹೋಯಿತು. ನಮ್ಮಲ್ಲೂ ಗಳಲೆ ಬರುವುದು ಮಳೆ ಹಿಡಿದ ಮೇಲೆಯೇ ಅಲ್ಲವೇ. ರೈತರಿಗೆ ಇದು ಗೊತ್ತಿರುವ ವಿಷಯ.

ಇನ್ನೊಂದು. ಚರ್ಮಗಂಟು ರೋಗ ನಮ್ಮ ದೇಶಕ್ಕೆ ಬಂದದ್ದು 2019ರಲ್ಲಿ, ಮೊದಲು ಒಡಿಶಾದಲ್ಲಿ. 2022ರಲ್ಲಿ ನಮ್ಮ ರಾಜ್ಯದ ದನಗಳನ್ನು ಹೇಗೆ ಹಿಂಡಿತು ಅಂತ ಎಲ್ಲರೂ ನೋಡಿದ್ದೀರಿ. ನೊಣ, ಸೊಳ್ಳೆ, ಉಣ್ಣಿ ಕಚ್ಚಿ ಹರಡುವ ರೋಗ ಅದು. ಆಮೇಲೆ ರಾಜಸ್ಥಾನದಲ್ಲಿ ಕಾಡಿನ ಚಿಂಕಾರ ಅನ್ನೋ ಸಣ್ಣ ಜಿಂಕೆಗಳಲ್ಲೂ ಅದೇ ವೈರಸ್ ಸಿಕ್ಕಿತು. ನಮ್ಮ ಜಿಲ್ಲೆಯ ಬುಕ್ಕಾಪಟ್ಟಣದಲ್ಲಿ ಇರುವುದು ಅದೇ ಚಿಂಕಾರ. 2019ರಲ್ಲಷ್ಟೇ ಅದನ್ನು ವನ್ಯಧಾಮ ಮಾಡಿದ್ದಾರೆ. ಅದರ ಒಳಗೂ ಹೊರಗೂ ದನ ಮೇಯುತ್ತವೆ. ನೊಣಕ್ಕೆ ವನ್ಯಧಾಮದ ಗಡಿಕಲ್ಲು ಗೊತ್ತಾಗುತ್ತಾ?

ಮಂದೆಯವನು, ಶಿರಾ

ಡಾಕ್ಟ್ರೇ, ನೀವು ಹೇಳಿದ್ದು ಸರಿ. ಆದರೆ ಒಂದು ಮಾತು ಹೇಳಲೇಬೇಕು. ಕುರಿಯಿಂದ ಜಿಂಕೆಗೆ ರೋಗ ಅಂತ ಇಲ್ಲಿ ಬರೆದರೆ ನಾಳೆ ಯಾರೋ ಬಂದು ಕಾವಲಿಗೆ ಕಾಲಿಡಬೇಡಿ ಅಂತಾರೆ. ಕುರಿ ಸಾಕುವವರು ಜಾಗ ಬೇಕು ಅಂತ ಜಿಂಕೆ ಇರುವ ಕಡೆ ಹೋಗುತ್ತಿಲ್ಲ. ಪಾವಗಡದಲ್ಲಿ ಸೋಲಾರ್ ಪಾರ್ಕಿಗೆ 13,000 ಎಕರೆ ಹೋಯಿತು. ತಿರುಮಣಿ, ವಳ್ಳೂರು ಕಡೆ ಬೀಳು ಭೂಮಿ, ಬಿತ್ತದೆ ಬಿಟ್ಟ ಹೊಲ ಎಲ್ಲ ಮೇವಿನ ಜಾಗ ಆಗಿತ್ತು. ಈಗ ಸುತ್ತ ತಂತಿಬೇಲಿ. ಅಲ್ಲಿ ಮೇಯಿಸುತ್ತಿದ್ದ ಮಂದೆಗಳು ಎಲ್ಲಿಗೆ ಹೋಗಬೇಕು? ಉಳಿದ ಕಾವಲಿಗೇ ಬರಬೇಕು. ಜಿಂಕೆಯೂ ಅಲ್ಲಿಗೇ ಬರುತ್ತೆ. ಕರೆಂಟು ಬೇಕು, ನಾನು ಬೇಡ ಅನ್ನಲ್ಲ. ಆದರೆ ಜಾಗ ಕಿರಿದಾದರೆ ರೋಗಕ್ಕೆ ಅನುಕೂಲ ಅನ್ನುವುದನ್ನು ಲೆಕ್ಕ ಹಾಕುವಾಗ ಯಾರೂ ಹಾಕಿರಲ್ಲ.

ಮಳೆ ವಿಚಾರ ನಿಜ. ನಮ್ಮಲ್ಲಿ ಬರ ಬಂದ ವರ್ಷ ಕುರಿ ಹಸಿವಿಂದ ಸಾಯುತ್ತವೆ, ಮಳೆ ಬಂದ ವರ್ಷ ನೊರಜು ಕಚ್ಚಿ ಹರಡುವ ನೀಲಿನಾಲಿಗೆ ರೋಗ ಬಂದು ಸಾಯುತ್ತವೆ. 2022ರಲ್ಲಿ ಜಯಮಂಗಲಿ ಹೊಳೆ ಹರಿಯಿತು, ಕೆರೆಗಳು ಕೋಡಿ ಬಿದ್ದವು, ಎಲ್ಲರೂ ಬಾಗಿನ ಕೊಟ್ಟರು. ಆದರೆ ಕುರಿ ಕೂಡುವ ರೊಪ್ಪದಲ್ಲಿ ಕೆಸರು ತಿಂಗಳುಗಟ್ಟಲೆ ಒಣಗಲೇ ಇಲ್ಲ. ಸಂಜೆ ಆದರೆ ಕುರಿಗಳ ಕಿವಿ, ಮೂಗಿನ ಸುತ್ತ ನೊರಜು ಮುತ್ತಿಕೊಂಡಿರುತ್ತಿತ್ತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣವು. ಬಾಯಿ ಊದಿಕೊಂಡು, ತುಟಿಯಲ್ಲಿ ಹುಣ್ಣಾಗಿ, ಗೊರಸಿನ ಮೇಲೆ ಕೆಂಪು ಗೆರೆ ಬಂದು ಕುಂಟುತ್ತಾ ನಿಂತ ಕುರಿ ನೋಡಿದರೆ ಹೊಟ್ಟೆ ಉರಿಯುತ್ತೆ. ಕೃಷ್ಣಮೃಗಕ್ಕೂ ಅದೇ ನೊರಜು ಕಚ್ಚಿರುತ್ತಲ್ಲ. ಅವಕ್ಕೆ ಏನಾಯಿತು ಅಂತ ನೋಡಿದವರು ಯಾರು?

ಬಯಲುಹುಲ್ಲು, ಮಧುಗಿರಿ

ಅಣ್ಣಾ, ನಿಮ್ಮ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಮಂದೆಯವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯಲಿಲ್ಲ. ಕುರಿಗೆ ಲಸಿಕೆ ಸರಿಯಾಗಿ ಸಿಕ್ಕರೆ ಜಿಂಕೆಯೂ ಉಳಿಯುತ್ತೆ. ಇದಕ್ಕೆ ದೊಡ್ಡ ಸಾಕ್ಷಿ ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್). 1890ರ ದಶಕದಲ್ಲಿ ಅದು ದನಗಳ ಜೊತೆ ಆಫ್ರಿಕಾಕ್ಕೆ ಹೋಗಿ ಅಲ್ಲಿನ ದನಗಳನ್ನಷ್ಟೇ ಅಲ್ಲ, ಕಾಡೆಮ್ಮೆ, ವಿಲ್ಡೆಬೀಸ್ಟ್ ಅನ್ನೋ ದೊಡ್ಡ ಜಿಂಕೆಗಳನ್ನೂ ಕೊಂದಿತು. ಆಮೇಲೆ ಅಲ್ಲಿನ ಸೆರೆಂಗೆಟಿ ಹುಲ್ಲುಗಾವಲಿನ ಸುತ್ತ ದನಗಳಿಗೆ ಲಸಿಕೆ ಹಾಕುತ್ತಾ ಬಂದರು. ಕಾಡುಪ್ರಾಣಿಗೆ ಒಂದೂ ಸೂಜಿ ಚುಚ್ಚಲಿಲ್ಲ. ದನಗಳಲ್ಲಿ ರೋಗ ನಿಂತ ಮೇಲೆ ಕಾಡಲ್ಲೂ ತಾನಾಗೇ ನಿಂತಿತು. 1960ರ ದಶಕದ ಶುರುವಿನಲ್ಲಿ ಎರಡೂವರೆ ಲಕ್ಷದಷ್ಟಿದ್ದ ವಿಲ್ಡೆಬೀಸ್ಟ್, 70ರ ದಶಕ ಮುಗಿಯುವ ಹೊತ್ತಿಗೆ ಹನ್ನೆರಡು ಲಕ್ಷ ದಾಟಿತು. 2011ರಲ್ಲಿ ದೊಡ್ಡರೋಗ ಪ್ರಪಂಚದಿಂದಲೇ ಹೋಯಿತು ಅಂತ ಘೋಷಿಸಿದರು.

ಕೆರೆಕೋಡಿ, ಕೋಲಾರ

ನಮ್ಮ ಕೋಲಾರದ ಕಥೆ ನೀರಿನದು. 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ ನೀರು ಬಂತು. ಬೆಂಗಳೂರಿನ ಕೊಳಚೆ ನೀರನ್ನು ಎರಡನೇ ಹಂತದವರೆಗೆ ಶುದ್ಧ ಮಾಡಿ ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆಗೆ ಅನ್ನೋದು ಯೋಜನೆ. ನೀರೇ ಕಾಣದ ಜಿಲ್ಲೆ ನಮ್ಮದು, ಬೋರ್‌ವೆಲ್ 1,500 ಅಡಿ ಹೋದರೂ ಬರೀ ದೂಳು ಬರುತ್ತಿತ್ತು. ಕೆರೆ ತುಂಬಿದ್ದು ನೋಡಿ ಕಣ್ಣಲ್ಲಿ ನೀರು ಬಂದ ರೈತರನ್ನು ಬಲ್ಲೆ. ಅದನ್ನು ಬೇಡ ಅನ್ನೋ ಮನಸ್ಸು ನನಗಿಲ್ಲ.

ಆದರೆ ಮೊದಲು ನಮ್ಮ ಕೆರೆಗಳು ವರ್ಷದಲ್ಲಿ ಅರ್ಧ ಒಣಗುತ್ತಿದ್ದವು. ಅಂಗಳ ಬಿರುಕು ಬಿಟ್ಟು ಬಿಸಿಲಿಗೆ ಕಾದರೆ ಸೊಳ್ಳೆ ಮರಿಯೂ ಇಲ್ಲ, ಬಸವನಹುಳವೂ ಇಲ್ಲ. ಈಗ ನಮ್ಮೂರ ಕೆರೆಯಲ್ಲಿ ಏಪ್ರಿಲ್‌ನಲ್ಲೂ ನೀರು, ಅಂಚಿಗೆ ಜೊಂಡು, ಅದರ ಮೇಲೆ ಹಸಿರು ಪಾಚಿ. ಬೆಳ್ಳಕ್ಕಿ, ಕೊಳದ ಬಕ, ಬಾತು ಎಲ್ಲ ಅಲ್ಲೇ. ಪಕ್ಕದಲ್ಲೇ ಹಂದಿ. ಹಳಬರಿಗೆ ನೆನಪಿರುತ್ತೆ, 1970ರ ದಶಕದ ಕೊನೆಗೆ ಕೋಲಾರ ಜಿಲ್ಲೆಯಲ್ಲಿ ಮಿದುಳು ಜ್ವರ ಬಂದು ಎಷ್ಟೋ ಮಕ್ಕಳು ಹೋದವು. ಜಪಾನೀಸ್ ಎನ್ಸೆಫಲೈಟಿಸ್. ಆ ವೈರಸ್ ಬಕ, ಬೆಳ್ಳಕ್ಕಿ ಜಾತಿಯ ಹಕ್ಕಿಗಳಲ್ಲಿ ಇರುತ್ತೆ, ಹಂದಿಯ ಮೈಯಲ್ಲಿ ಹೆಚ್ಚುತ್ತೆ, ಗದ್ದೆಯ ಕ್ಯೂಲೆಕ್ಸ್ ಸೊಳ್ಳೆ ಅದನ್ನು ಮನುಷ್ಯರಿಗೆ ತರುತ್ತೆ. ಹಕ್ಕಿ, ಹಂದಿ, ಸೊಳ್ಳೆ, ನಿಂತ ನೀರು ನಾಲ್ಕೂ ವರ್ಷಪೂರ್ತಿ ಒಂದೇ ಕಡೆ ಸೇರಬಾರದು. ಈಗ ಮಕ್ಕಳಿಗೆ ಲಸಿಕೆ ಇದೆ, ಅದು ಸಮಾಧಾನ. ಎಲ್ಲರೂ ಹಾಕಿಸಿ.

ಹಕ್ಕಿಗಳ ಗತಿ? ರಾಜಸ್ಥಾನದ ಸಾಂಭರ್ ಸರೋವರದಲ್ಲಿ 2019ರ ನವೆಂಬರ್‌ನಲ್ಲಿ ಸುಮಾರು 18,000 ವಲಸೆ ಹಕ್ಕಿ ಸತ್ತವು. ಕಾರಣ ಬಾಟುಲಿಸಂ, ಒಂದು ಬ್ಯಾಕ್ಟೀರಿಯಾದ ವಿಷ. ಎಷ್ಟೋ ವರ್ಷ ಒಣಗಿದ್ದ ಜಾಗಕ್ಕೆ ಆ ವರ್ಷ ಒಳ್ಳೆಯ ಮಳೆ ಬಂದು ನೀರು ನಿಂತಿತ್ತು. ಬೆಚ್ಚಗಿನ, ಆಮ್ಲಜನಕ ಕಡಿಮೆ ಇರುವ, ಕೊಳೆತ ಪದಾರ್ಥ ಜಾಸ್ತಿ ಇರುವ ಕೆಸರಲ್ಲಿ ಆ ಬ್ಯಾಕ್ಟೀರಿಯಾ ವಿಷ ಬಿಡುತ್ತೆ. ಹಕ್ಕಿಯ ರೆಕ್ಕೆ, ಕತ್ತು ಸೋತು ಬೀಳುತ್ತೆ. ಸತ್ತ ಹಕ್ಕಿಯ ಮೈಯಲ್ಲಿ ಆಗುವ ಹುಳ ತಿಂದ ಇನ್ನೊಂದು ಹಕ್ಕಿಯೂ ಸಾಯುತ್ತೆ. ಬೆಂಗಳೂರಿನ ಕೊಳಚೆಯ ಸಾರ ಇಳಿದ ನಮ್ಮ ಕೆರೆಗಳ ಕೆಸರು ಹೇಗಿದೆ ಅಂತ ಯೋಚಿಸಿ. ಮೂರನೇ ಹಂತದ ಶುದ್ಧೀಕರಣ ಕೇಳುವಾಗ ಬರೀ ನಮ್ಮ ಕುಡಿಯುವ ನೀರು, ಟೊಮೆಟೊ ಅಂತ ಕೇಳುತ್ತೇವೆ. ಹಕ್ಕಿಗಳಿಗಾಗಿಯೂ ಕೇಳಬೇಕು.

ಗುಡಿಬಂಡೆ ಟೀಚರ್, ಚಿಕ್ಕಬಳ್ಳಾಪುರ

ನಮ್ಮ ಜಿಲ್ಲೆಗೂ ಬೆಂಗಳೂರಿನ ಹೆಬ್ಬಾಳ, ನಾಗವಾರ ಕಡೆಯ ಅಂಥದೇ ನೀರು ಬರುತ್ತಿದೆ. ಕೆರೆಕೋಡಿಯವರ ಮಾತು ನಮಗೂ ಹೊಂದುತ್ತೆ.

ಎತ್ತರವೂ ಒಂದು ತಡೆ. ಮಕ್ಕಳಿಗೆ ಹೇಳುವಾಗ ನಾನು ಹವಾಯಿ ದ್ವೀಪದ ಉದಾಹರಣೆ ಕೊಡುತ್ತೇನೆ. ಅಲ್ಲಿ ಸೊಳ್ಳೆಯೇ ಇರಲಿಲ್ಲ. 1826ರ ಸುಮಾರಿಗೆ ಹಡಗಿನ ನೀರಿನ ಜೊತೆ ಕ್ಯೂಲೆಕ್ಸ್ ಸೊಳ್ಳೆ ಬಂತು. ನಮ್ಮ ಚರಂಡಿಯಲ್ಲಿ ಹುಟ್ಟುವ, ಆನೆಕಾಲು ರೋಗ ಹರಡುವ ಅದೇ ಸೊಳ್ಳೆ. ಆಮೇಲೆ ಹಕ್ಕಿ ಮಲೇರಿಯಾ ಬಂತು. ಹನಿಕ್ರೀಪರ್ ಅನ್ನೋ ಚೆಂದದ ಪುಟ್ಟ ಹಕ್ಕಿಗಳು ತಗ್ಗಿನ ಕಾಡಲ್ಲಿ ಸತ್ತುಹೋದವು. ಬೆಟ್ಟದ ಮೇಲೆ ಉಳಿದವು, ಯಾಕೆಂದರೆ ಸುಮಾರು 13 ಡಿಗ್ರಿಗಿಂತ ತಂಪಿದ್ದರೆ ಮಲೇರಿಯಾ ಪರಾವಲಂಬಿ ಸೊಳ್ಳೆಯೊಳಗೆ ಬೆಳೆಯೋದಿಲ್ಲ. ಸರಿಸುಮಾರು 1,500 ಮೀಟರ್ ಮೇಲೆ ಹಕ್ಕಿಗೆ ರಕ್ಷಣೆ. ನಮ್ಮ ನಂದಿಬೆಟ್ಟ 1,478 ಮೀಟರ್. ಅಂದರೆ ನಂದಿಯ ತುದಿಯಷ್ಟು ಎತ್ತರದಿಂದ ಮೇಲೆ ಮಾತ್ರ ಹಕ್ಕಿ ಬದುಕಬಲ್ಲದು ಅಂತ ಅಂದುಕೊಳ್ಳಿ. ಈಗ ಬಿಸಿ ಏರಿ ಸೊಳ್ಳೆಯೂ ಮೇಲೇರುತ್ತಿದೆ, ಹಕ್ಕಿಗೆ ಮೇಲೆ ಹೋಗಲು ಬೆಟ್ಟವೇ ಇಲ್ಲ. 2023ರಲ್ಲಿ ಎಂಟು ಹವಾಯಿ ಹಕ್ಕಿಗಳು ಅಳಿದವು ಅಂತ ಅಮೆರಿಕ ಸರ್ಕಾರ ಘೋಷಿಸಿತು. ಅದೇ ವರ್ಷದಿಂದ ಮರಿ ಹುಟ್ಟದ ಹಾಗೆ ಮಾಡುವ ಗಂಡು ಸೊಳ್ಳೆಗಳನ್ನು ಹೆಲಿಕಾಪ್ಟರ್‌ನಿಂದ ಬಿಡುತ್ತಿದ್ದಾರೆ. ಉಳಿದ ಹಕ್ಕಿಗಳಿಗಾಗಿ ಅಷ್ಟು ಮಾಡುತ್ತಿರುವುದು ನೋಡಿ ನನಗೆ ನಿಜಕ್ಕೂ ಗೌರವ ಬಂತು.

ನಮ್ಮ ಜಿಲ್ಲೆಯ ಹೆಸರು ಎರಡು ಸಲ ಸುದ್ದಿಯಲ್ಲಿ ಬಂತು. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ತಲಕಾಯಲಬೆಟ್ಟದ ಸೊಳ್ಳೆಗಳಲ್ಲಿ ಝೀಕಾ ಸಿಕ್ಕಿತು. 1947ರಲ್ಲಿ ಉಗಾಂಡದ ಕಾಡಿನ ಕೋತಿಯಲ್ಲಿ ಮೊದಲು ಕಂಡ ವೈರಸ್ ಅದು. 2025ರ ಆರಂಭದಲ್ಲಿ ವರದಹಳ್ಳಿಯಲ್ಲಿ ಹಕ್ಕಿಜ್ವರ ಬಂದು ಕೋಳಿಗಳನ್ನು ಕೊಲ್ಲಬೇಕಾಯಿತು. ಸಾಕಿದ ಕೋಳಿ ಕಳೆದುಕೊಂಡ ಮನೆಯವರ ಸಂಕಟ ಸಣ್ಣದಲ್ಲ.

ಮಾವಿನತೋಪು, ಶ್ರೀನಿವಾಸಪುರ

ಎಲ್ಲ ಓದಿದೆ. ಸ್ವಲ್ಪ ಬೇರೆ ಮಾತು. ನಮ್ಮ ತೋಪಿನ ಪಕ್ಕ ಒಂದು ಹಳೇ ಆಲದ ಮರ, ಅದರ ತುಂಬ ಬಾವಲಿ. ಮಾವು ಹಣ್ಣಾಗುವ ಹೊತ್ತಿಗೆ ರಾತ್ರಿಯೆಲ್ಲ ಗಲಾಟೆ. ಬಾವಲಿಯಿಂದ ಬರುವ ನಿಫಾ ವೈರಸ್ ಬಗ್ಗೆ ಕೇರಳದ ಸುದ್ದಿ ನೋಡಿದ ಮೇಲೆ ಊರಲ್ಲಿ ಮರ ಕಡಿಯೋಣ, ಇಲ್ಲಾಂದ್ರೆ ಪಟಾಕಿ ಹೊಡೆದು ಓಡಿಸೋಣ ಅಂತಿದ್ದಾರೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದಾರೆ, ನಮಗೂ ಭಯ ಇರುತ್ತಲ್ಲ. ಇಂಥ ಚರ್ಚೆ ಓದಿದರೆ ಜನ ಇನ್ನೂ ಹೆದರಿ ಪ್ರಾಣಿಗಳನ್ನೇ ಮುಗಿಸಲ್ವಾ?

ನಿವೃತ್ತ ಪಶುವೈದ್ಯ, ತುಮಕೂರು

ಇಲ್ಲ, ದಯವಿಟ್ಟು ಮರ ಕಡಿಯಲು ಬಿಡಬೇಡಿ. ಕಾರಣ ಹೇಳುತ್ತೇನೆ.

ನಿಫಾ ಮೊದಲು ಕಂಡಿದ್ದು ಮಲೇಷ್ಯಾದಲ್ಲಿ, 1998-99ರಲ್ಲಿ. ಅಲ್ಲಿ ಹಂದಿ ಸಾಕುವ ಕೊಟ್ಟಿಗೆಗಳ ಪಕ್ಕದಲ್ಲೇ ಮಾವಿನ ಮರ ಬೆಳೆಸಿದ್ದರು. ಬಾವಲಿ ಅರ್ಧ ತಿಂದ ಹಣ್ಣು ಕೆಳಗೆ ಬಿದ್ದು, ಹಂದಿ ತಿಂದು, ಹಂದಿಯಿಂದ ಮನುಷ್ಯರಿಗೆ ಬಂತು. ನೂರಕ್ಕೂ ಜಾಸ್ತಿ ಜನ ತೀರಿಕೊಂಡರು. ಬಾವಲಿ ಅಲ್ಲಿ ಮೊದಲಿಂದಲೂ ಇತ್ತು. ತೋಪು ಮತ್ತು ಹಂದಿ ಕೊಟ್ಟಿಗೆಯನ್ನು ಅದರ ಕೆಳಗೆ ತಂದು ಸೇರಿಸಿದ್ದು ಹೊಸದು.

ಆಸ್ಟ್ರೇಲಿಯಾದಲ್ಲಿ ನಿಫಾಕ್ಕೆ ಹತ್ತಿರದ ಹೆಂಡ್ರಾ ಅನ್ನೋ ವೈರಸ್ ಇದೆ. ಬಾವಲಿಯಿಂದ ಕುದುರೆಗೆ, ಕುದುರೆಯಿಂದ ಮನುಷ್ಯರಿಗೆ ಬರುತ್ತೆ. ಅಲ್ಲಿ 25 ವರ್ಷದ ಮಾಹಿತಿ ಇಟ್ಟುಕೊಂಡು ನೋಡಿದ ಕೆಲಸ 2022ರಲ್ಲಿ ಬಂತು. ಚಳಿಗಾಲದಲ್ಲಿ ಹೂ ಬಿಡುವ ಕಾಡು ಕಡಿದ ಮೇಲೆ ಬಾವಲಿಗಳು ಹಸಿದು ಊರು, ತೋಟ, ಕುದುರೆ ಲಾಯದ ಹತ್ತಿರ ಬಂದು ನೆಲೆಸಿದವು. ಮೇವು ಸಾಲದ ಸಮಯದಲ್ಲಿ ವೈರಸ್ ಹೊರಹಾಕುವುದೂ ಜಾಸ್ತಿ ಆಯಿತು. ಕಾಡಲ್ಲಿ ಒಳ್ಳೆಯ ಹೂ ಬಿಟ್ಟ ಚಳಿಗಾಲಗಳಲ್ಲಿ ಬಾವಲಿಗಳು ಅಲ್ಲಿಗೇ ಹೋದವು, ಆಗ ಕುದುರೆಗಳಿಗೆ ರೋಗ ಬರಲೇ ಇಲ್ಲ. ಆಲದ ಮರ ಕಡಿದರೆ ನಿಮ್ಮ ಬಾವಲಿ ಸಾಯಲ್ಲ. ಹಸಿದು, ಬೆದರಿ, ಇನ್ನೊಬ್ಬರ ಮನೆ ಹಿತ್ತಲಿಗೆ ಹೋಗುತ್ತೆ.

ಮಾಡಬೇಕಾದ್ದು ಸುಲಭ. ಕಚ್ಚಿದ, ಗೀರಿದ ಹಣ್ಣು ಮಕ್ಕಳಿಗೆ ಕೊಡಬೇಡಿ. ಬಿದ್ದ ಹಣ್ಣನ್ನು ದನ, ಹಂದಿಗೆ ಹಾಕಬೇಡಿ, ಗುಂಡಿ ತೆಗೆದು ಮುಚ್ಚಿ. ಮರದ ಕೆಳಗೆ ಕೊಟ್ಟಿಗೆ, ನೀರಿನ ತೊಟ್ಟಿ ಇಡಬೇಡಿ. ಸತ್ತ ಬಾವಲಿ ಬರಿಗೈಯಲ್ಲಿ ಮುಟ್ಟಬೇಡಿ.

ಮಾವಿನತೋಪು, ಶ್ರೀನಿವಾಸಪುರ

ಆಯಿತು ಸಾರ್. ಮರದ ಕೆಳಗೆ ನಮ್ಮ ಅಣ್ಣನವರ ದನ ಕಟ್ಟುವ ಜಾಗ ಇದೆ, ಅದನ್ನು ಬೇರೆ ಕಡೆ ಮಾಡಲು ಹೇಳುತ್ತೇನೆ. ಇನ್ನೊಂದು ಕೇಳಬೇಕು. ಮಲೆನಾಡಿನ ಮಂಗನ ಕಾಯಿಲೆ ನಮ್ಮ ಕಡೆಗೂ ಬರುತ್ತಾ?

ಬಯಲುಹುಲ್ಲು, ಮಧುಗಿರಿ

ಇದಕ್ಕೆ ನಾನು ಉತ್ತರಿಸುತ್ತೇನೆ, ಡಾಕ್ಟ್ರು ತಿದ್ದಲಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಕಂಡದ್ದು. ಉಣ್ಣಿ ಕಚ್ಚಿ ಬರುತ್ತೆ. ಮಂಗ ಅದನ್ನು ಹುಟ್ಟಿಸುವುದಲ್ಲ, ಮಂಗವೂ ನಮ್ಮ ಹಾಗೆ ಸಾಯುತ್ತೆ. ಎಷ್ಟೋ ದಶಕ ಮಲೆನಾಡು, ಕರಾವಳಿಯ ಐದು ಜಿಲ್ಲೆಯಲ್ಲೇ ಇತ್ತು. 2012ರಿಂದ ಈಚೆಗೆ ಬಂಡೀಪುರ, ವಯನಾಡು, ನೀಲಗಿರಿ, ಗೋವಾ, ಸಿಂಧುದುರ್ಗದವರೆಗೆ ಕಂಡಿದೆ. ಇಡೀ ದಟ್ಟ ಕಾಡಿಗಿಂತ, ಕಾಡು ಕಡಿದು ನಡುನಡುವೆ ತೋಟ, ಗದ್ದೆ ಮಾಡಿದ ಅಂಚಿನಲ್ಲೇ ಅದರ ಕಾಟ ಹೆಚ್ಚು. ದನ ಕಾಡಿಗೆ ಹೋಗಿ ಉಣ್ಣಿಗೆ ರಕ್ತ ಕೊಡುತ್ತೆ, ಜನ ತರಗು, ಸೌದೆಗೆ ಹೋಗುತ್ತಾರೆ. ನಮ್ಮ ಒಣ ಬಯಲು ಆ ಉಣ್ಣಿಗೆ ಹಿಡಿಸಲ್ಲ. ಒಣಹವೆ ಇನ್ನೂ ನಮ್ಮನ್ನು ಕಾಯುತ್ತಿರುವುದು ಇಲ್ಲಿ.

ಚಿರತೆ ವಿಚಾರ ಯಾರೂ ಎತ್ತಲಿಲ್ಲ. ನಮ್ಮ ಹೆದ್ದಾರಿ ಪಕ್ಕ, ಊರಾಚೆ, ಕೋಳಿ ಅಂಗಡಿ ತ್ಯಾಜ್ಯ ಸುರಿಯುತ್ತಾರೆ. ಅಲ್ಲಿ ನಾಯಿ ಹಿಂಡು. ದೇವರಾಯನದುರ್ಗದ ಕಡೆಯಿಂದ ಚಿರತೆ ಬಂದು ಆ ನಾಯಿ ಹಿಡಿಯುತ್ತೆ. ನಾಯಿಯಲ್ಲಿ ಡಿಸ್ಟೆಂಪರ್ ಇದ್ದರೆ? ಗುಜರಾತಿನ ಗಿರ್ ಕಾಡಲ್ಲಿ 2018ರಲ್ಲಿ ಕೆಲವೇ ವಾರದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹ ಸತ್ತವು, ಹಲವುಗಳಲ್ಲಿ ಸಿಕ್ಕಿದ್ದು ಅದೇ ವೈರಸ್. ಸೆರೆಂಗೆಟಿಯಲ್ಲಿ 1994ರಲ್ಲಿ ಮೂರನೇ ಒಂದು ಭಾಗ ಸಿಂಹ ಹೋದವು. ಡಿಸ್ಟೆಂಪರ್ ಅಲ್ಲಿಗೆ ಬೇರೆ ವರ್ಷವೂ ಬಂದಿತ್ತು, ಆಗ ಅಷ್ಟು ಸತ್ತಿರಲಿಲ್ಲ. ಆ ಸಲ ಅದಕ್ಕೆ ಮುಂಚೆ ಕಡು ಬರ ಬಿದ್ದಿತ್ತು. ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣ್ಣಿ. ಅವನ್ನು ತಿಂದ ಸಿಂಹಗಳಿಗೆ ಉಣ್ಣಿಯ ಬೆಬೇಸಿಯಾ ರೋಗವೂ ಹತ್ತಿತು. ಎರಡೂ ಸೇರಿ ಕೊಂದವು. ಬರವೂ ಮಳೆಯೂ ಅತಿಯಾಗುತ್ತಿರುವ ನಮ್ಮ ಸೀಮೆಗೆ ಇದು ನೇರ ಹೊಂದುತ್ತೆ. ಊರ ನಾಯಿಗೆ ಹುಚ್ಚುನಾಯಿ ಲಸಿಕೆ ಮಾತ್ರ ಅಲ್ಲ, ಡಿಸ್ಟೆಂಪರ್ ಲಸಿಕೆಯೂ ಬೇಕು ಅಂತ ಗ್ರಾಮಸಭೆಯಲ್ಲಿ ಕೇಳೋಣ. ತ್ಯಾಜ್ಯ ಸುರಿಯುವುದು ನಿಲ್ಲಿಸುವುದು ಅದಕ್ಕೂ ಮೊದಲು.

ಮಂದೆಯವನು, ಶಿರಾ

ನಮ್ಮ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರದ ತುಂಬ ಬಣ್ಣದ ಕೊಕ್ಕರೆ, ಬೂದುಬಕ ಗೂಡು ಕಟ್ಟುತ್ತವೆ. ಊರ ನಡುವೆಯೇ. ಊರವರು ಅವನ್ನು ಕಾಪಾಡಿಕೊಂಡು ಬಂದಿದ್ದಾರೆ. ಹಕ್ಕಿಜ್ವರ ಅಂದರೆ ಅವಕ್ಕೂ ಅಪಾಯ ತಾನೆ? ಗೂಡಿಂದ ಮರಿ ಬಿದ್ದರೆ ಮಕ್ಕಳು ಎತ್ತಿಕೊಳ್ಳುತ್ತಾರೆ. ಏನು ಮಾಡಬೇಕು? ಮತ್ತೆ ನಮ್ಮ ಮಂದೆಗೆ ಯಾವ ಲಸಿಕೆ ಯಾವಾಗ ಅಂತ ಒಂದು ಸಲ ಬಿಡಿಸಿ ಹೇಳಿ ಡಾಕ್ಟ್ರೇ.

ನಿವೃತ್ತ ಪಶುವೈದ್ಯ, ತುಮಕೂರು

ಅಪಾಯ ಇದೆ. ಹಕ್ಕಿಜ್ವರದ ಎಚ್5ಎನ್1 ವೈರಸ್ ಎಷ್ಟು ದೂರ ಹೋಗಿದೆ ಅಂದರೆ 2024ರ ಫೆಬ್ರುವರಿಯಲ್ಲಿ ಅಂಟಾರ್ಕ್ಟಿಕಾ ಖಂಡದ ಹಕ್ಕಿಗಳಲ್ಲೂ ಸಿಕ್ಕಿತು. ಒಂದು ಮರಿ ಬಿದ್ದರೆ ಗಾಬರಿ ಬೇಡ, ಅದು ಪ್ರತಿ ವರ್ಷ ಆಗುವುದೇ. ಬರಿಗೈಯಲ್ಲಿ ಎತ್ತಬೇಡಿ, ಮಕ್ಕಳನ್ನು ದೂರ ಇಡಿ. ದೊಡ್ಡ ಹಕ್ಕಿಗಳು ಒಟ್ಟೊಟ್ಟಿಗೆ ಸತ್ತರೆ, ಕತ್ತು ತಿರುಚಿಕೊಂಡು ಒದ್ದಾಡಿದರೆ, ಅವತ್ತೇ ಅರಣ್ಯ ಇಲಾಖೆಯ ಗಾರ್ಡ್‌ಗೂ ಪಶು ಆಸ್ಪತ್ರೆಗೂ ಹೇಳಿ. ಪಶು ಸಹಾಯವಾಣಿ 1962. ಹೂತು ಹಾಕಿದ ಮೇಲೆ ಹೇಳಿದರೆ ಪ್ರಯೋಜನ ಇಲ್ಲ, ಮಾದರಿ ತಾಜಾ ಇರಬೇಕು. ಕೃಷ್ಣಮೃಗ, ಚಿಂಕಾರ ಸತ್ತು ಬಿದ್ದಿದ್ದರೂ ಹಾಗೇ. ದೂರದಿಂದ ಫೋಟೋ ತೆಗೆಯಿರಿ. ಬಾಯಿ, ಮೂಗು, ಗೊರಸು ಕಾಣುವ ಹಾಗೆ ಇರಲಿ. ನಾಯಿ ಎಳೆಯದಂತೆ ಮುಳ್ಳು ಹಾಕಿ ಕಾಯಿರಿ.

ಮಂದೆಗೆ: ಪಿಪಿಆರ್ ಲಸಿಕೆ ಮೂರು, ನಾಲ್ಕು ತಿಂಗಳು ತುಂಬಿದ ಮರಿಗಳಿಗೆ ಹಾಕಿಸಿ, ಒಂದು ಸಲ ಹಾಕಿದರೆ ಸುಮಾರು ಮೂರು ವರ್ಷ ಕಾಯುತ್ತೆ. ಹೊಸದಾಗಿ ಸಂತೆಯಿಂದ ತಂದ ಕುರಿಯನ್ನು ಎರಡು, ಮೂರು ವಾರ ಬೇರೆ ಕಟ್ಟಿ, ಆಮೇಲೆ ಮಂದೆಗೆ ಬಿಡಿ. ನೀಲಿನಾಲಿಗೆದು ಮುಂಗಾರು ಹಿಡಿಯುವ ಮುಂಚೆಯೇ ಆಗಬೇಕು, ನೊರಜು ಎದ್ದ ಮೇಲೆ ಹಾಕಿದರೆ ತಡ. ರೊಪ್ಪವನ್ನು ಮಳೆಗಾಲದಲ್ಲಿ ಏರು ಜಾಗಕ್ಕೆ ಬದಲಿಸಿ, ಸಂಜೆ ಬೇವಿನಸೊಪ್ಪಿನ ಹೊಗೆ ಹಾಕಿ. ನೀರಿನ ತೊಟ್ಟಿಯನ್ನು ವಾರಕ್ಕೊಮ್ಮೆ ಖಾಲಿ ಮಾಡಿ, ಉಜ್ಜಿ ತೊಳೆದು, ಸುಣ್ಣ ಬಳಿದು, ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ.

ಮಂದೆಯವನು, ಶಿರಾ

ಸರಿ ಡಾಕ್ಟ್ರೇ. ನಮ್ಮ ಹಟ್ಟಿಯಲ್ಲಿ ಹೋದ ಸಲ ಪಿಪಿಆರ್ ಹಾಕಿದಾಗ ಗುಳೆ ಹೋಗಿದ್ದ ಮಂದೆಗಳು ತಪ್ಪಿಹೋಗಿವೆ. ಅವು ಯುಗಾದಿ ಹೊತ್ತಿಗೆ ವಾಪಸ್ ಬರುತ್ತವೆ. ಯಾರ್‍ಯಾರದು ಬಾಕಿ ಅಂತ ಪಟ್ಟಿ ಮಾಡಿ ಇಲ್ಲೇ ಹಾಕುತ್ತೇನೆ. ಮಧುಗಿರಿ, ಪಾವಗಡದ ಕಡೆಯವರೂ ಹಾಕಿ, ಒಟ್ಟಿಗೆ ಕೇಳೋಣ.